ಸೌಟಿನ ಹಿಡಿ ಯಾವ ಕಡೆಗೆ

ಬೇಲೂರಿನ ಚೆಲುವಾಂಬನವರು ತಮ್ಮ ಅಡುಗೆಮನೆಯಲ್ಲಿ ಏನನ್ನೂ ಹುಡುಕುತ್ತಿರಲಿಲ್ಲ. ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತು, ಕಣ್ಣನ್ನು ಕುದಿಯುವ ಸಾರಿನ ಮೇಲೆಯೇ ನೆಟ್ಟು, ಅರ್ಧಕ್ಕೆ ನಿಂತಿದ್ದ ಸ್ತೋತ್ರವನ್ನು ಬಾಯಲ್ಲಿ ಮುಂದುವರಿಸುತ್ತ, ಬಲಗೈಯನ್ನು ಹಾಗೆ ಸುಮ್ಮನೆ ಪಕ್ಕಕ್ಕೆ ಚಾಚಿದರೆ ಸಾಕು, ಇಂಗು ಬೇಕಾದರೆ ಇಂಗಿನ ಡಬ್ಬಿ, ಇಕ್ಕಳ ಬೇಕಾದರೆ ಇಕ್ಕಳ, ಕರೆ ಕಳಿಸಿ ಕರೆಸಿಕೊಂಡಂತೆ ಬಂದು ಅವರ ಅಂಗೈಯಲ್ಲಿ ಕೂರುತ್ತಿತ್ತು. ಅರಸೀಕೆರೆಯಿಂದ ಹೊಸದಾಗಿ ಸೊಸೆಯಾಗಿ ಬಂದ ಗೋದಾ ಮೊದಲನೆಯ ದಿನ ಇದನ್ನು ನೋಡಿ ಬೆರಗಾದಳು, ಎರಡನೆಯ ದಿನ ಹೆದರಿದಳು. ಆ ಹೆದರಿಕೆಗೆ ಅವಳದೇ ಆದ ಕಾರಣವೊಂದಿತ್ತು. ಅದಕ್ಕೆ ಮೊದಲು ಅತ್ತೆಯ ಪರಿಚಯ ಸರಿಯಾಗಿ ಆಗಬೇಕು.

ಚೆಲುವಾಂಬನವರು ಕುಳ್ಳು, ಮೈಕೈ ತುಂಬಿಕೊಂಡ ಕುಳ್ಳು. ಕಚ್ಚೆಸೀರೆಯುಟ್ಟು ಪುಟ್ಟ ಪುಟ್ಟ ಹೆಜ್ಜೆಗಳನ್ನು ಬಿರಬಿರನೆ ಇಡುತ್ತ ಪಡಸಾಲೆಯಿಂದ ಹಿತ್ತಿಲಿಗೆ ಹೋಗುವಷ್ಟರಲ್ಲಿ ದಾರಿಯಲ್ಲಿ ಸಿಕ್ಕಿದ ಸಮಸ್ತ ವಕ್ರತೆಗಳನ್ನೂ ಅವರು ತಿದ್ದಿಬಿಡುತ್ತಿದ್ದರು: ವಾರೆಯಾದ ದೇವರ ಪಟ, ಒಂದರ ಮೇಲೊಂದು ಹತ್ತಿದ ಚಪ್ಪಲಿ, ಸುರುಳಿ ಬಿಚ್ಚಿಕೊಂಡ ಚಾಪೆ. ಸೊಂಟದಲ್ಲಿ ಬೀಗದಕೈಗಳ ದೊಡ್ಡ ಗೊಂಚಲು ಸದಾ ಸದ್ದು ಮಾಡುತ್ತಿತ್ತು, ಆದರೆ ಆ ಮನೆಯಲ್ಲಿ ಯಾವುದಕ್ಕಾದರೂ ಬೀಗ ಬಿದ್ದದ್ದನ್ನು ಕಂಡವರಿಲ್ಲ. ಅವರ ಯಜಮಾನರಾದ ಅನಂತಸ್ವಾಮಿಗಳು ಮಿಡ್ಲ್‌ಸ್ಕೂಲಿನ ಹೆಡ್‌ಮಾಸ್ಟರು. ಅವರ ಕೆಮ್ಮು ಕೇಳಿಸಿದರೆ ಮೂರು ತರಗತಿಗಳು ಒಟ್ಟಿಗೆ ಮೌನವಾಗುತ್ತಿದ್ದವು. ಅಂಥವರು ಪ್ರತಿದಿನ ಬೆಳಗ್ಗೆ ಕರಿಯ ಕೋಟು ತೊಟ್ಟು ಹೊಸ್ತಿಲ ಬಳಿ ವಿಧೇಯರಾಗಿ ನಿಂತು, ಹೆಂಡತಿ ಬಂದು ಕೊರಳ ಗುಂಡಿಯನ್ನು ನೆಟ್ಟಗೆ ಮಾಡಿ, ಬಲಜೇಬಿಗೆ ಸೇರಿದ್ದ ನಶ್ಯದ ಡಬ್ಬಿಯನ್ನು ಎಡಜೇಬಿಗೆ ಹಾಕಿ, "ಅದರ ಜಾಗ ಅದಕ್ಕೆ" ಎನ್ನುವವರೆಗೆ ಮಿಸುಕುತ್ತಿರಲಿಲ್ಲ. ಈ ಮೂರು ಪದಗಳು ಚೆಲುವಾಂಬನವರ ಬಾಯಿಂದ ಕೋಪದಲ್ಲೂ ಬರುತ್ತಿದ್ದವು, ಸಂತೋಷದಲ್ಲೂ ಬರುತ್ತಿದ್ದವು, ಒಮ್ಮೊಮ್ಮೆ ನಿದ್ದೆಯಲ್ಲೂ ಬರುತ್ತಿದ್ದವೆಂದು ಹೆಡ್‌ಮಾಸ್ಟರೇ ಹೇಳುತ್ತಿದ್ದರು.

ಅವರ ರಾಜ್ಯದ ರಾಜಧಾನಿ ಒಂದು ತೇಗದ ಬೀರು. ಒಲೆಯ ಬಲಗಡೆ, ಕೂತಲ್ಲಿಂದಲೇ ಕೈಗೆ ನಿಲುಕುವಂತೆ ಅದು ನಿಂತಿತ್ತು. ಅದನ್ನು ಮಾಡಲು ಬಂದ ಬಡಗಿ ಕಾಳಾಚಾರಿಯನ್ನು ಅವರು ಜಗಲಿಯ ಮೇಲೆ ಮಣೆ ಹಾಕಿ ಕೂರಿಸಿ, ಎದುರಿಗೆ ಮೂರು ಇಟ್ಟಿಗೆಗಳನ್ನು ಒಲೆಯಂತೆ ಇಟ್ಟು, "ಎಲ್ಲಿ, ಒಂದು ಒಗ್ಗರಣೆ ಹಾಕು ನೋಡೋಣ" ಎಂದಿದ್ದರಂತೆ.

"ನಾನು ಮರ ಕೆತ್ತೋನು ಕಣ್ರವ್ವ, ಒಗ್ಗರಣೆ ನಂಗೇನು ಗೊತ್ತೈತೆ?" ಎಂದು ಆಚಾರಿ ಕಂಗಾಲಾದ.

"ಗೊತ್ತಿರೋದು ಬೇಡಪ್ಪ. ಕೈ ಚಾಚು, ಸಾಕು. ಎಲ್ಲೀವರೆಗೂ ಹೋಗುತ್ತೆ ನೋಡ್ಬೇಕು."

ಆಚಾರಿಯ ತೋಳು ಉದ್ದ, ಚೆಲುವಾಂಬನವರ ತೋಳು ಗಿಡ್ಡ. ಆ ವ್ಯತ್ಯಾಸವನ್ನು ದಾರದಲ್ಲಿ ಅಳೆದು ಕಳೆದು ಬೀರು ತಯಾರಾಯಿತು. ದಿನವೂ ಬೇಕಾಗುವ ಸಾಂಬಾರ ಸಾಮಾನು ಮೊಣಕೈ ಮಟ್ಟದ ಖಾನೆಗಳಲ್ಲಿ. ಬೇಳೆಕಾಳಿನ ಹಿತ್ತಾಳೆ ಡಬ್ಬಿಗಳು ಅದರ ಮೇಲೆ. ಹಪ್ಪಳ, ಸಂಡಿಗೆ, ಹುಣಸೆಹಣ್ಣಿನ ಭರಣಿಗಳು ಕೆಳಗೆ, ತಂಪಿನಲ್ಲಿ. ಎಲ್ಲಕ್ಕಿಂತ ಸುಲಭವಾಗಿ ಎಳೆಯಬಹುದಾದ ಒಂದು ಖಾನೆಯಲ್ಲಿ ಸೌಟು, ಸಟ್ಟುಗ, ಜಾಲರಿಗಳು ಎತ್ತರದ ಪ್ರಕಾರ ಮಲಗಿರುತ್ತಿದ್ದವು, ಹಿಡಿಗಳೆಲ್ಲ ಬಲಕ್ಕೆ. ಖಾನೆ ಎಳೆದ ಕೈ ಹಿಡಿಯ ಮೇಲೆಯೇ ಬೀಳಬೇಕು, ತಡಕಾಡಬಾರದು. ಇದು ಶಾಸನ.

ಈ ಶಾಸನ ಮನೆಯ ಗಡಿಯಲ್ಲಿ ನಿಲ್ಲುತ್ತಿರಲಿಲ್ಲ. ಜಾವಗಲ್ಲಿನಲ್ಲಿ ನಂಟರ ಮನೆಯ ಮದುವೆಗೆ ಹೋದವರು ಕೈಕಾಲು ತೊಳೆದದ್ದೇ ಉಗ್ರಾಣ ಹೊಕ್ಕರು. ಅಡುಗೆಯವರು ಗೊಣಗಿದರು, ಹೆಣ್ಣಿನ ತಾಯಿ ಮುಖ ಸಿಂಡರಿಸಿಕೊಂಡಳು. ಆದರೆ ಧಾರೆಯ ಹೊತ್ತಿಗೆ ಏಲಕ್ಕಿ ಎಲ್ಲಿ, ತುಪ್ಪ ಎಲ್ಲಿ ಎಂಬ ಕೂಗು ಒಮ್ಮೆಯೂ ಏಳದೆ ಊಟ ಮುಗಿದಾಗ ಆ ಅಡುಗೆಯವರೇ ಬಂದು, ಮುಂದಿನ ತಿಂಗಳು ತಿಪಟೂರಿನಲ್ಲಿ ಇನ್ನೊಂದು ಮದುವೆಯಿದೆ, ಅಮ್ಮನವರು ದಯಮಾಡಿಸಬೇಕು ಎಂದರು. ಇನ್ನೊಮ್ಮೆ ಮೈಸೂರಿನ ಬಂಧುಗಳು ಬಂದಾಗ ಎಲ್ಲರೂ ಹಳೇಬೀಡಿಗೆ ಹೋದರು. ಬಂಧುಗಳು ಶಿಲ್ಪದ ಸೊಬಗಿಗೆ ತಲೆದೂಗುತ್ತ, ಒಬ್ಬರು ಶ್ಲೋಕ ಹೇಳುತ್ತ, ಒಬ್ಬರು ನಿಟ್ಟುಸಿರು ಬಿಡುತ್ತ ಗುಡಿಯನ್ನು ಸುತ್ತುತ್ತಿದ್ದರೆ ಚೆಲುವಾಂಬನವರು ಗೋಡೆಯ ಬುಡದಲ್ಲಿ ಬಗ್ಗಿ ನೋಡುತ್ತ ನಡೆದು ಬಂದು ತೀರ್ಪು ಕೊಟ್ಟರು: "ಆನೆ ಆನೆ ಸಾಲಲ್ಲೇ ಇದೆ, ಕುದುರೆ ಕುದುರೆ ಸಾಲಲ್ಲೇ ಇದೆ. ಒಂದೂ ಬೆರೆತಿಲ್ಲ. ಮನೆವಾರ್ತೆ ತಿಳಿದೋರು ಯಾರೋ ನಿಂತು ಮಾಡ್ಸಿದಾರೆ ಕಣ್ರೀ." ಆ ದೇವಾಲಯಕ್ಕೆ ಅವರು ಕೊಡಬಹುದಾಗಿದ್ದ ಅತ್ಯುನ್ನತ ಪ್ರಶಸ್ತಿ ಅದು.

ಇಂಥ ಅಡುಗೆಮನೆಗೆ ಗೋದಾ ಬಂದಳು, ಮತ್ತು ಗೋದಾ ಎಡಚಿ.

ಇದು ಬೇಲೂರಿನಲ್ಲಿ ಯಾರಿಗೂ ತಿಳಿಯದು. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಹೆಣ್ಣು ನೋಡುವ ಶಾಸ್ತ್ರ ನಡೆದಾಗ ತಾಯಿ ಶಾಂತಾದೇವಿ ಅವಳ ಎಡಗೈಗೆ ತಾಂಬೂಲದ ತಟ್ಟೆಯ ಅಂಚನ್ನು ಒತ್ತಿ ಹಿಡಿಸಿ, ಬಲಗೈಯಿಂದಲೇ ಉಪ್ಪಿಟ್ಟು ಕೊಡಿಸಿದ್ದಳು. "ಎಡಗೈಲಿ ಬಡಿಸೋಳು ಅಂತ ತಿಳಿದ್ರೆ ಯಾವ ಮನೇಲೂ ಒಲೆ ಹತ್ರ ಸೇರಿಸಲ್ಲ ಕಣೇ. ಬಾಯಿ ಬಿಡಬೇಡ" ಎಂದು ಗಾಡಿ ಹತ್ತಿಸುವಾಗಲೂ ಕಿವಿಯಲ್ಲಿ ಹೇಳಿದ್ದಳು. ಗೋದಾ ಬಾಯಿ ಬಿಡಲಿಲ್ಲ. ಆದರೆ ಕೈ ಕೇಳಬೇಕಲ್ಲ! ಒಗ್ಗರಣೆ ಸಿಡಿಯುವ ಹೊತ್ತಿಗೆ ಎಡಗೈ ತಾನಾಗಿ ಮುಂದಾಗುತ್ತಿತ್ತು. ಎಚ್ಚೆತ್ತು ಅದನ್ನು ಹಿಂದಕ್ಕೆಳೆದು ಬಲಗೈ ಚಾಚುವಷ್ಟರಲ್ಲಿ ಸಾಸಿವೆ ಕಪ್ಪಾಗುತ್ತಿತ್ತು. ಎಡಗೈಯಿಂದ ಬಲಗೈಗೆ ದಾಟಿಸುವಾಗ ಸೌಟು ಜಾರಿ ಹುಳಿಯೊಳಗೆ ಮುಳುಗುತ್ತಿತ್ತು. ತುಪ್ಪದ ಗಿಂಡಿ ಉರುಳಿತು, ಮಜ್ಜಿಗೆಯ ಮರಿಗೆ ಮಗುಚಿತು. ಅತ್ತೆ ಬೈಯುವವರಲ್ಲ. ಪ್ರತಿ ಮಧ್ಯಾಹ್ನ ಸೌಟಿನ ಖಾನೆ ಎಳೆದು, ಗೋದಾ ಎಡಕ್ಕೆ ತಿರುಗಿಸಿ ಇಟ್ಟಿದ್ದ ಹಿಡಿಗಳನ್ನು ಒಂದೊಂದಾಗಿ ಬಲಕ್ಕೆ ತಿರುಗಿಸಿ, "ಅದರ ಜಾಗ ಅದಕ್ಕೆ" ಎಂದು ಖಾನೆ ಮುಚ್ಚುವರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು ಎಂದು ಗೋದಾಳಿಗೆ ಅನ್ನಿಸುತ್ತಿತ್ತು.

ಜ್ಯೇಷ್ಠ ಮಾಸದಲ್ಲಿ ಅನಂತಸ್ವಾಮಿಗಳ ಅಕ್ಕ ಕೋಮಲವಲ್ಲಿ ಬಂದಿಳಿದರು. ಅವರ ಕಣ್ಣು ಚುರುಕು, ನಾಲಗೆ ಅದಕ್ಕಿಂತ ಚುರುಕು. ಒಂದು ಊಟ, ಒಂದು ಕಾಫಿ ಆಗುವುದರೊಳಗೆ ಅವರು ಸೊಸೆಯನ್ನು ಅಳೆದು ಮುಗಿಸಿದರು. ಸಂಜೆ ಬಾವಿಕಟ್ಟೆಯ ಹತ್ತಿರ ಅವರು ಆಡಿದ ಮಾತು ಪಾತ್ರೆ ಬೆಳಗುತ್ತಿದ್ದ ಗೋದಾಳಿಗೆ ನೆಟ್ಟಗೆ ಕೇಳಿಸಿತು.

"ಅಸಡ್ಡಾಳ ಹುಡುಗಿ ಚೆಲುವೀ. ಕೈಯಲ್ಲಿ ಒಂದೂ ನಿಲ್ಲೋದಿಲ್ಲ. ಹೇಗೂ ಆಷಾಢಕ್ಕೆ ತೌರಿಗೆ ಹೋಗ್ತಾಳಲ್ಲ, ಅಲ್ಲೇ ಇದ್ದು ನಾಲ್ಕು ಕೆಲಸ ಕಲೀಲಿ. ಕರೆಸಿಕೊಳ್ಳೋಕೆ ಏನವಸರ? ದೀಪಾವಳಿ ಆಗಲಿ, ಸಂಕ್ರಾಂತಿ ಆಗಲಿ."

ಚೆಲುವಾಂಬನವರು ಬಾವಿಕಟ್ಟೆಯ ಮೇಲೆ ವಾರೆಯಾಗಿದ್ದ ಕೊಡವನ್ನು ನೆಟ್ಟಗೆ ಇಟ್ಟು, "ನೋಡೋಣ ಅತ್ತಿಗೆ" ಎಂದರು. ಮಾರನೆಯ ದಿನದಿಂದ ಗೋದಾಳಿಗೆ ಒಲೆಯ ಕೆಲಸ ತಪ್ಪಿತು. "ನೀನು ಹೂ ಕಟ್ಟು, ತರಕಾರಿ ಹೆಚ್ಚು. ಒಲೆ ಹತ್ರ ನಾನಿರ್ತೀನಿ" ಎಂದರು ಅತ್ತೆ, ಮತ್ತು ಅವಳಿಗೆ ಕಾಣದಂತೆ ಕಂಬದ ಮರೆಗೆ ಒರಗಿ ಅವಳು ಹುರುಳಿಕಾಯಿ ಹೆಚ್ಚುವುದನ್ನು ಒಂದು ಥರ ನೋಡುತ್ತ ನಿಂತರು. ಒಲೆಯಿಂದ ದೂರವಾದ ಸೊಸೆ ಆ ಕಾಲದಲ್ಲಿ ನಂಟರಂತೆ, ಇದ್ದಷ್ಟು ದಿನ ಇದ್ದು ಹೋಗುವವಳು. ಆಷಾಢ ಹುಟ್ಟುವ ಹಿಂದಿನ ದಿನ ಗೋದಾ ಅರಸೀಕೆರೆಯ ಬಸ್ಸು ಹತ್ತಿದಾಗ, ಇನ್ನು ತನ್ನನ್ನು ಕರೆಯಲು ಯಾರೂ ಬರುವುದಿಲ್ಲವೆಂದೇ ಅವಳು ನಂಬಿದ್ದಳು. ಹಳೇಬೀಡು ದಾಟಿ, ಜಾವಗಲ್ಲು ದಾಟಿ ಊರು ಬರುವವರೆಗೂ ಅತ್ತಳು.

ತೌರಿನಲ್ಲಿ ತಾಯಿ ಅವಳ ಎಡಗೈಯನ್ನು ಹಳೆಯ ಪಂಚೆಯ ಚೂರಿನಿಂದ ಸೊಂಟಕ್ಕೆ ಸೇರಿಸಿ ಕಟ್ಟಿ, ಬಲಗೈಯಲ್ಲಿ ಒಗ್ಗರಣೆ, ಬಲಗೈಯಲ್ಲಿ ದೋಸೆ, ಬಲಗೈಯಲ್ಲಿ ಮಜ್ಜಿಗೆ ಕಡೆತ ಅಭ್ಯಾಸ ಮಾಡಿಸಿದಳು. ಮನೆಯವರು ಆ ತಿಂಗಳು ತಿಂದ ಸೀದ ದೋಸೆಗಳು ಅಷ್ಟಿಷ್ಟಲ್ಲ. ಶ್ರಾವಣ ಬಂತು. ಅದು ಬಂದ ಎರಡನೆಯ ದಿನವೇ, ಗೋದಾಳ ಗಂಡ ಸಂಪತ್ಕುಮಾರ್ ತಾಲ್ಲೂಕು ಆಫೀಸಿಗೆ ರಜೆ ಹಾಕಿ ಬಂದು ಬಾಗಿಲಲ್ಲಿ ನಿಂತ. ಒಂದು ಕೈಯಲ್ಲಿ ಹೂವು, ಇನ್ನೊಂದು ಕೈ ಸೊಂಟದ ಮೇಲೆ.

"ಅಮ್ಮ ಇವತ್ತೇ ಕರ್ಕೊಂಡು ಬಾ ಅಂದ್ಲು" ಎಂದ. ಸೊಂಟಕ್ಕೇನಾಯಿತೆಂದು ಕೇಳಿದರೆ, "ಬೀರು ತಳ್ಳಿದ್ದು. ನಾನೂ ಅಪ್ಪನೂ. ಅಪ್ಪ ಇನ್ನೂ ಮಲಗೇ ಇದಾರೆ" ಎಂದ. "ಅಮ್ಮನಿಗೇನೋ ಆಗಿದೆ ಗೋದಾ. ನಿನ್ನೆ ಕಾಫಿಗೆ ಉಪ್ಪು ಹಾಕಿದ್ಲು. ಅಪ್ಪ ಕುಡಿದು ಮುಗಿಸಿ, ಈ ಮನೇಲಿ ಇಂಥದ್ದು ನೋಡೋಕೆ ನಾನು ಬದುಕಿದ್ದೆನಲ್ಲ ಅಂದ್ರು."

ಸಂಜೆ ಬೇಲೂರು ಮುಟ್ಟಿ, ಕಾಲು ತೊಳೆದು, ದೇವರಿಗೂ ಹಿರಿಯರಿಗೂ ನಮಸ್ಕಾರ ಮಾಡಿ ಗೋದಾ ಏಳುವುದೇ ತಡ, ಅತ್ತೆ, "ಹೋಗು, ಸಾರಿಗೊಂದು ಒಗ್ಗರಣೆ ಹಾಕು" ಎಂದರು. ಇದು ಗೋದಾಳಿಗೆ ಪರೀಕ್ಷೆ! ತಗ್ಗಿಸಿದ ತಲೆ ಎತ್ತದೆ ಒಲೆಯ ಮುಂದೆ ಕೂತಳು. ಎಣ್ಣೆ ಕಾಯಿತು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಗೋದಾ ತಾಯಿಯನ್ನು ನೆನೆದುಕೊಂಡು, ಎಡಗೈಯನ್ನು ತೊಡೆಯ ಕೆಳಗೆ ಅದುಮಿ, ಕಲಿತು ಬಂದ ಬಲಗೈಯನ್ನು ಚಾಚಿದಳು. ಬೆರಳಿಗೆ ತಗುಲಿದ್ದು ಬರಿಯ ಗೋಡೆ.

"ಆ ಕೈ ಯಾಕೆ?" ಎಂದರು ಚೆಲುವಾಂಬನವರು. "ನಿನ್ನ ಕೈ ಚಾಚು."

ಗೋದಾ ತಿರುಗಿ ನೋಡಿದಳು. ಬೀರು ಒಲೆಯ ಎಡಗಡೆಗೆ ಬಂದು ನಿಂತಿತ್ತು. ಕಾಳಾಚಾರಿ ಅದರ ಬಾಗಿಲನ್ನು ಕಳಚಿ, ಕೀಲುಗಳನ್ನು ಆ ಅಂಚಿನಿಂದ ಈ ಅಂಚಿಗೆ ತಂದಿದ್ದ. ಸಾಸಿವೆಯ ಖಾನೆ, ಮೆಣಸಿನ ಖಾನೆ, ಇಂಗು, ಜೀರಿಗೆ, ಒಂದೊಂದೂ ಕನ್ನಡಿಯಲ್ಲಿ ಕಂಡಂತೆ ಅದಲು ಬದಲಾಗಿದ್ದವು. ಅವಳು ಎಡಗೈ ಚಾಚಿದಳು. ಸಾಸಿವೆ ಸಿಕ್ಕಿತು. ಖಾನೆ ಎಳೆದಳು. ಸೌಟಿನ ಹಿಡಿ ಅಂಗೈಗೆ ಬಂತು. ಸೌಟುಗಳೆಲ್ಲ ಅಲ್ಲಿ ಎಡಕ್ಕೆ ಹಿಡಿ ಮಾಡಿಕೊಂಡು ಎತ್ತರದ ಪ್ರಕಾರ ಮಲಗಿದ್ದವು. ಮದುವೆಯಾದ ಮೇಲೆ ಮೊದಲ ಸಲ ಅವಳ ಒಗ್ಗರಣೆ ಸೀಯದೆ, ಸಿಡಿಯದೆ ಸಾರಿಗೆ ಬಿತ್ತು.

"ಅತ್ತೆ, ನಿಮಗೆ ಹೇಗೆ ಗೊತ್ತಾಯ್ತು?" ಎಂದಳು.

"ದಿನಾ ಹಿಡಿ ತಿರುಗಿಸಿ ತಿರುಗಿಸಿ ಸಾಕಾಗಿತ್ತು ಕಣೇ ನಂಗೆ. ಅಸಡ್ಡಾಳಾಗಿ ಇಡೋರು ಒಂದು ದಿನ ಆ ಕಡೆ ಇಡ್ತಾರೆ, ಒಂದು ದಿನ ಈ ಕಡೆ. ನೀನು ಒಂದೇ ಒಂದು ದಿನ ತಪ್ಪದ ಹಾಗೆ ಎಡಕ್ಕೇ ಇಡ್ತಿದ್ದೆ. ಅಷ್ಟು ನೇಮದೋಳು ಅಸಡ್ಡಾಳ ಹೇಗಾಗ್ತಾಳೆ ಅಂತ ಯೋಚನೆ ಬಂತು. ಆಮೇಲೆ ನೀನು ಹುರುಳಿಕಾಯಿ ಹೆಚ್ಚೋವಾಗ ನೋಡ್ದೆ. ಯಾರೂ ಇಲ್ಲ ಅಂದ್ಕೊಂಡಾಗ ಕೈ ಎಷ್ಟು ಚುರುಕು ನಿಂದು!" ಎಂದು ಹೇಳಿ, ಕಾನೂನನ್ನೂ ಸೇರಿಸಿದರು: "ಬಡಿಸೋದು ಮಾತ್ರ ಬಲಗೈಲಿ, ದೇವರ ಮುಂದೆ, ನಾಲ್ಕು ಜನರ ಮುಂದೆ. ಮಾಡೋದು ನಿನ್ನ ಕೈಲಿ ಮಾಡು. ಯಾವ ಕೈಲಿ ಮಾಡಿದ್ದು ಅಂತ ಸಾರಿಗೇನು ಗೊತ್ತಾಗುತ್ತೆ?"

ಆ ಮನೆಯ ಅಡುಗೆ ಅಲ್ಲಿಂದ ಮುಂದೆ ಊರವರು ಮಾತಾಡಿಕೊಳ್ಳುವಂತಾಯಿತು. ಗೋದಾಳ ಪುಳಿಯೋಗರೆ ತಿಂದ ಪಕ್ಕದ ಮನೆಯ ಲಲಿತಮ್ಮ ಗೊಜ್ಜಿನ ಹದ ಕಲಿಯಲು ಬಂದು ಕೂರತೊಡಗಿದರು. ಕಷ್ಟವಾದದ್ದು ಚೆಲುವಾಂಬನವರಿಗೆ. ಜೀವಮಾನವೆಲ್ಲ ಬಲಕ್ಕೆ ಚಾಚಿದ ಕೈ ಗೋಡೆಗೆ ಬಡಿಯುತ್ತಿತ್ತು. ಜೀರಿಗೆಗೆಂದು ಎಳೆದರೆ ಮೆಂತ್ಯ, ಸಕ್ಕರೆಗೆಂದು ತೆಗೆದರೆ ಉಪ್ಪು. ಬೆರಳುಗಳು ಖಾನೆಯಿಂದ ಖಾನೆಗೆ ಅಲೆಯುತ್ತಿದ್ದವು. ಗೋದಾ ಮನಸ್ಸು ತಡೆಯದೆ ಒಂದೆರಡು ಡಬ್ಬಿಗಳನ್ನಾದರೂ ಮೊದಲಿದ್ದ ಕಡೆ ಇಡಲು ಹೋದರೆ, "ಮುಟ್ಟಬೇಡ" ಎಂದು ಗದರುತ್ತಿದ್ದರು.

ನವರಾತ್ರಿಗೆ ಕೋಮಲವಲ್ಲಿ ಮತ್ತೆ ಬಂದರು. ಗೊಂಬೆ ಕೂರಿಸಿದ ಪಡಸಾಲೆ ದಾಟಿ ಒಳಗೆ ಬಂದವರಿಗೆ ಕಂಡದ್ದು, ಮೂರು ಖಾನೆ ತೆರೆದಿಟ್ಟುಕೊಂಡು ಸಾಸಿವೆಗಾಗಿ ತಡಕಾಡುತ್ತಿರುವ ಚೆಲುವಾಂಬ.

"ಏನೇ ಇದು ಚೆಲುವೀ! ನಿನ್ನ ಅಡುಗೆಮನೇಲಿ ನೀನೇ ಹುಡುಕ್ತಿದೀಯಲ್ಲೇ?"

"ನಂದು ಅಂತ ಯಾರು ಹೇಳಿದ್ರು ಅತ್ತಿಗೆ?" ಎಂದರು ಚೆಲುವಾಂಬನವರು, ತಲೆ ಎತ್ತದೆ. "ಇದು ಗೋದಾ ಅಡುಗೆಮನೆ. ನಾನು ಹುಡುಕ್ಕೋತೀನಿ ಬಿಡಿ."

ಹಿತ್ತಿಲ ಬಾಗಿಲಲ್ಲಿ ಕರಿಬೇವಿನ ಕಡ್ಡಿ ಹಿಡಿದು ನಿಂತಿದ್ದ ಗೋದಾ ಅದನ್ನು ಕೇಳಿದಳು. ಧಾರೆಯೆರೆದದ್ದು ವೈಶಾಖದಲ್ಲಾದರೂ ತಾನು ಆ ಮನೆಯ ಸೊಸೆಯಾದದ್ದು ಆ ಗಳಿಗೆಯಲ್ಲಿ ಎಂದು ಅವಳು ಮುಂದೆ ತನ್ನ ಸೊಸೆಯರಿಗೆ ಹೇಳುತ್ತಿದ್ದಳು.

ಇಂಥವರು ಪ್ರತಿಯೊಂದು ಮನೆತನದಲ್ಲೂ ಒಬ್ಬರಿರುತ್ತಾರೆ: ಚಮಚ ಕದಲಿದರೆ ಸಂಸಾರವೇ ಕದಲಿತೆಂದು ತಿಳಿಯುವವರು. ನಾವು ಅವರನ್ನು ಬೆನ್ನ ಹಿಂದೆ ಅಣಕಿಸುತ್ತೇವೆ. ಡಬ್ಬಿ ಭರಣಿಗಳ ಮೇಲಿರುವ ಮಮತೆ ಮನುಷ್ಯರ ಮೇಲಿಲ್ಲವೆಂದು ಸಲೀಸಾಗಿ ತೀರ್ಮಾನ ಮಾಡುತ್ತೇವೆ. ಅಕ್ಕರೆಯ ಮಾತು ಅವರ ಬಾಯಿಗೆ ಬಾರದು ಎಂಬುದು ನಿಜ. ಅವರಿಗೆ ಬರುವುದು ತೆಗೆಯುವುದು, ಇಡುವುದು, ಜೋಡಿಸುವುದು ಅಷ್ಟೇ. ಆದರೆ ಒಬ್ಬರ ಮೇಲೆ ಅವರ ಮನಸ್ಸು ನಿಂತಿತೋ, ಆ ಒಬ್ಬರ ಕೈಗೆ ಎಟುಕುವಂತೆ ತಮ್ಮ ಲೋಕವನ್ನೇ ತಿರುವಿ ಇಟ್ಟುಬಿಡುತ್ತಾರೆ. ಆಮೇಲೆ ತಾವು ಮಾತ್ರ ಉಳಿದ ಆಯುಷ್ಯವೆಲ್ಲ, ಯಾರ ಮೇಲೂ ದೂರಿಲ್ಲದೆ, ಸಾಸಿವೆ ಡಬ್ಬಿ ಹುಡುಕುತ್ತ ಇರುತ್ತಾರೆ.