ದನಿಯಿಲ್ಲದ ಉತ್ತರಗಳು

ಶಾಲೆಯಲ್ಲಿ ಸಂದರ್ಶನ ಮುಗಿಸಿ ಬಂದ ದಿನ ಲಾಳಿಯ ತಾಯಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಐದು ವರ್ಷದ ಮಗಳು ಹೆಡ್ ಮೇಡಂ ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಕೊಟ್ಟಿದ್ದಳು. ಚೆಂಡು ಕೆಂಪು ಎಂದಿದ್ದಳು, ಚಿತ್ರದಲ್ಲಿರುವ ಬಾತುಕೋಳಿ ಏಳು ಎಂದಿದ್ದಳು, ಅಮ್ಮ ಏನು ಕೆಲಸ ಮಾಡ್ತಾಳೆ ಎಂದರೆ ನಾಲ್ಕು ಮಗ್ಗ ನೋಡ್ಕೋತಾಳೆ ಎಂದಿದ್ದಳು. ತಾಯಿ ಮಗ್ಗದ ಶೆಡ್ಡಿನ ಈ ತುದಿಯಿಂದ ಆ ತುದಿಯವರೆಗೆ ಡಂಗುರ ಸಾರಿಬಿಟ್ಟಳು. ಡಂಗುರ ಎಂದರೆ ಸದ್ದಿನ ಡಂಗುರವಲ್ಲ. ನಲವತ್ತು ಮಗ್ಗ ಒಟ್ಟಿಗೆ ಬಡಿದುಕೊಳ್ಳುವ ಜಾಗದಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವರಿಗೆ ಕೇಳಿಸುವುದಿಲ್ಲ. ಅಲ್ಲಿಯ ಜನ ತುಟಿಯಲ್ಲಿ ಮಾತಾಡುತ್ತಾರೆ, ಕಣ್ಣಲ್ಲಿ ಕೇಳಿಸಿಕೊಳ್ಳುತ್ತಾರೆ, ದನಿಯನ್ನು ಸುಮ್ಮನೆ ದಂಡ ಮಾಡುವುದಿಲ್ಲ.

ಹುಡುಗಿಗೆ ಲಾಳಿ ಎಂದು ಅಡ್ಡಹೆಸರಿಟ್ಟದ್ದೂ ಆ ಶೆಡ್ಡೇ. ನೂಲಿನ ಬುಟ್ಟಿಯಲ್ಲಿ ಮಲಗಿ ಬೆಳೆದವಳು, ಕಾಲು ಬಂದ ಮೇಲೆ ಮಗ್ಗದ ಲಾಳಿಯ ಹಾಗೆ ಅತ್ತಿಂದಿತ್ತ ಇತ್ತಿಂದತ್ತ ಓಡತೊಡಗಿದಳು. ಮನೆ ಎಂದರೆ ಶೆಡ್ಡಿನ ಗೋಡೆಗೆ ಅಂಟಿಕೊಂಡ ಒಂದೂವರೆ ಕೋಣೆ. ಗೋಡೆಯ ಕನ್ನಡಿ ಎರಡು ಪಾಳಿಯೂ ಗಡಗಡ ನಡುಗುತ್ತಿರುತ್ತದೆ. ಗಂಡ ಬಟ್ಟೆಯ ಲಾರಿ ಹತ್ತಿ ಹೋದರೆ ವಾರಗಟ್ಟಲೆ ಪತ್ತೆಯಿಲ್ಲ. ಉಳಿದವರು ಅತ್ತೆ, ಸೊಸೆ, ಮೊಮ್ಮಗಳು. ರಜೆಯ ದಿನ ಮಗ್ಗ ನಿಂತರೂ ಆ ಮನೆಯಲ್ಲಿ ದನಿ ಏಳುವುದಿಲ್ಲ, ಏಕೆಂದರೆ ಅತ್ತೆಯ ಕಿವಿಗಳನ್ನು ಮಗ್ಗಗಳು ಎಂದೋ ತಿಂದು ಮುಗಿಸಿವೆ. ಲಾಳಿ ಬಿದ್ದರೆ ಕಿರುಚಿ ಅಳುತ್ತಾಳೆ, ಬೆಕ್ಕನ್ನು ಬೀದಿಯ ಕೊನೆಯಿಂದ ಕೂಗಿ ಕರೆಯುತ್ತಾಳೆ. ಅಮ್ಮನ ಮುಖ ಕಂಡಾಗ ಮಾತ್ರ ತುಟಿಯೊಂದೇ ಸಾಕು.

ಮೂರನೆಯ ದಿನ ಶಾಲೆಯ ಜವಾನ ಚೀಟಿಯೊಂದನ್ನು ತಂದುಕೊಟ್ಟ. ತಾಯಿ ಓದಿದ್ದು ಮೂರನೇ ಕ್ಲಾಸು. ಚೀಟಿಗೆ ಅಷ್ಟು ಸಾಕಾಗಿತ್ತು.

"ಮಗುವಿಗೆ ಮಾತು ಬರುವುದಿಲ್ಲ. ವೈದ್ಯರಿಗೆ ತೋರಿಸಿ ಪತ್ರ ತಂದರೆ ಮುಂದಿನ ವರ್ಷ ನೋಡೋಣ."

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಚೀಟಿ ಓದಿದೊಡನೆ ಅವಳಿಗೆ ಸಿಟ್ಟು ಬರಲಿಲ್ಲ, ಹಾಯೆನಿಸಿತು. ಇನ್ನೊಂದು ವರ್ಷ ಲಾಳಿ ಕಣ್ಣೆದುರೇ ಇರುತ್ತಾಳೆ, ಮಗ್ಗಗಳ ಸಂದಿಯಲ್ಲಿ ತಲೆ ಹಾಕಿ "ಅಮ್ಮಾ, ಎಳೆ ಹರೀತು" ಎಂದು ತುಟಿ ಆಡಿಸುತ್ತಾಳೆ, ಸದ್ಯ ಎಲ್ಲಿಗೂ ಕಳಿಸುವುದು ಬೇಡ. ಮರುಗಳಿಗೆಯೇ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮೂರನೇ ಕ್ಲಾಸಿಗೆ ಶಾಲೆ ಬಿಡಿಸಿ ತನ್ನನ್ನು ಮಗ್ಗದ ಮುಂದೆ ನಿಲ್ಲಿಸಿದಾಗ ಮನೆಯವರಿಗೂ ಹೀಗೇ ಹಾಯೆನಿಸಿರಬೇಕು. ಆಮೇಲೆ ಬಂತು ನೋಡಿ ಸಿಟ್ಟು. ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋದಳು.

ಅತ್ತೆಯೆದುರು ಕೂತು ತುಟಿಯಲ್ಲೇ ಬೈಯತೊಡಗಿದಳು. ತುಟಿಯಲ್ಲಿ ಬೈದರೆ ಒಂದು ಅನುಕೂಲ, ಎಂಥ ಮಾತಾದರೂ ಗೋಡೆ ದಾಟುವುದಿಲ್ಲ.

"ಮಾತು ಬರಲ್ವಂತೆ! ಹತ್ತು ಕೇಳಿದ್ರು, ಹತ್ತಕ್ಕೂ ಹೇಳಿದ್ಲು. ನಾನೇ ಕಣ್ಣಾರೆ ನೋಡಿದೀನಿ ಅತ್ತೆ."

ಅತ್ತೆ ಸೊಸೆಯ ಮುಖವನ್ನೇ ನೋಡುತ್ತ ಕೂತಿದ್ದರು.

"ನೋಡಿದೆ ಸರಿ. ಕೇಳಿಸ್ಕೊಂಡೆಯೇನೇ?"

ಸೊಸೆ ಕಣ್ಣು ಮುಚ್ಚಿದಳು. ಸಂದರ್ಶನದ ಆ ಕೋಣೆಯನ್ನು ನೆನೆಸಿಕೊಂಡಳು. ಮೇಜು, ಫ್ಯಾನು, ಮೇಡಂ ಪಕ್ಕದ ಕುರ್ಚಿಯಲ್ಲಿ ತಾನು, ಎದುರಿಗೆ ಕೈಕಟ್ಟಿ ನಿಂತ ಲಾಳಿ. ಕೆಂಪು, ಏಳು, ನಾಲ್ಕು ಮಗ್ಗ, ಎಲ್ಲ ಉತ್ತರವೂ ನೆನಪಿಗೆ ಬಂತು. ಫ್ಯಾನಿನ ಕಿರಕಿರ ಕೂಡ ಬಂತು. ಮಗಳ ದನಿ ಮಾತ್ರ ಎಷ್ಟು ಹುಡುಕಿದರೂ ಬರಲಿಲ್ಲ. ಹುಡುಗಿ ಹತ್ತು ಉತ್ತರವನ್ನೂ ಅಮ್ಮನಿಗೆ ಹೇಳಿದ್ದಳು. ಅಮ್ಮ ತಲೆಯಾಡಿಸಿ ಆಡಿಸಿ ಮೆಚ್ಚಿಕೊಂಡಿದ್ದಳು.

"ನನ್ನ ಕಣ್ಣಿಗೆ ಮಣ್ಣು ಬೀಳ" ಎಂದು ಅವಳು ಹಣೆ ಚಚ್ಚಿಕೊಂಡಳು. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮರುದಿನ ಬೆಳಗ್ಗೆ ಪಾಳಿ ತಪ್ಪಿಸಿ, ಲಾಳಿಯ ಕೈ ಹಿಡಿದು, ಯಾರ ಅಪ್ಪಣೆಗೂ ಕಾಯದೆ ಹೆಡ್ ಮೇಡಂ ಕೋಣೆಗೆ ನುಗ್ಗಿದಳು.

"ನನ್ನ ಮಗಳಿಗೆ ಮಾತು ಬರುತ್ತೆ ಮೇಡಂ. ಇನ್ನೊಂದ್ಸಲ ಕೇಳಿ."

"ನೋಡಮ್ಮಾ, ಇದ್ರಲ್ಲಿ ನಾಚಿಕೆ ಪಡೋದು ಏನೂ ಇಲ್ಲ. ಇಂಥ ಮಕ್ಕಳಿಗೆ ಅಂತಾನೇ ಬೇರೆ ಶಾಲೆ ಇದೆ."

"ಕಿವಿ ಕೇಳದವರ ಜೊತೆ ಹೇಗೆ ಮಾತಾಡೋದು ಅಂತ ಅವಳಿಗೆ ಆಗ್ಲೇ ಗೊತ್ತು. ಕಿವಿ ಇರೋರ ಜೊತೆ ಹೇಗೆ ಅಂತ ಕಲೀಲಿ ಅಂತ ಇಲ್ಲಿಗೆ ಕರ್ಕೊಂಡು ಬಂದಿದೀನಿ."

ಮೇಡಂ ನಿಟ್ಟುಸಿರು ಬಿಟ್ಟು ಬಾತುಕೋಳಿಯ ಚಿತ್ರ ತೆಗೆದು ಎಷ್ಟಿವೆ ಎಂದರು. ಲಾಳಿ ಅಮ್ಮನ ಕಡೆ ತಿರುಗಿ ತುಟಿಯಲ್ಲಿ ಏಳು ಎಂದಳು.

"ಏಳು ಅಂದ್ಲು" ಎಂದಳು ತಾಯಿ.

"ನನಗೇನೂ ಕೇಳಿಸ್ಲಿಲ್ವಲ್ಲ."

ತಾಯಿ ಮಗಳಿಗೆ ದನಿ ತೆಗೆದು ಹೇಳು ಎಂದಳು. ಅದನ್ನೂ ತುಟಿಯಲ್ಲೇ ಹೇಳಿದಳು, ಅಷ್ಟು ಅಭ್ಯಾಸ. ನಾಲಿಗೆ ಕಚ್ಚಿಕೊಂಡು ಮತ್ತೆ ಬಾಯಿಬಿಟ್ಟು ಹೇಳಿದಳು. ಲಾಳಿ ಅಮ್ಮನ ಮುಖ ನೋಡಿ, ಪಾಪ, ಇನ್ನೂ ಸ್ಪಷ್ಟವಾಗಿ ತುಟಿ ಅಗಲಿಸಿ, ಏಳು ಎಂದಳು. ಸದ್ದಿಲ್ಲ.

ಆಗ ತಾಯಿಗೆ ಅರ್ಥವಾಯಿತು. ತನ್ನ ಮುಖ ಅಲ್ಲಿ ಇರುವವರೆಗೆ ಈ ಹುಡುಗಿ ಇನ್ನೊಬ್ಬರ ಜೊತೆ ಮಾತಾಡುವುದಿಲ್ಲ. ಮಗಳನ್ನು ಒಬ್ಬಳನ್ನೇ ಬಿಟ್ಟು ಒಂದು ನಿಮಿಷವೂ ಆಚೆ ಹೋಗಬಾರದು ಎಂದು ದಾರಿಯುದ್ದಕ್ಕೂ ಹಟ ಕಟ್ಟಿಕೊಂಡು ಬಂದವಳು, ಮಗಳ ಕೈ ಬಿಟ್ಟಳು. ಹೊರಗೆ ಹೋದಳು. ಬಾಗಿಲನ್ನು ತಾನೇ ಎಳೆದುಕೊಂಡು, ಸುಣ್ಣ ಉದುರಿದ ಗೋಡೆಗೆ ಮುಖ ಮಾಡಿ ನಿಂತಳು. ಶೆಡ್ಡಿನಲ್ಲಿ ಇಪ್ಪತ್ತು ವರ್ಷದಿಂದ ಕಿವಿಗೆ ಹತ್ತಿ ಇಟ್ಟುಕೊಂಡವಳು ಇಂದು ಮೈಯೆಲ್ಲ ಕಿವಿಯಾಗಿದ್ದಳು. ಒಳಗೆ ಮೇಡಂ ಎಷ್ಟಿವೆ ಎಂದು ಮತ್ತೆ ಕೇಳಿದ್ದು ಕೇಳಿಸಿತು.

"ಏಳು!"

ಬೆಕ್ಕನ್ನು ಕರೆಯುವ ದನಿ. ಎದುರು ಕ್ಲಾಸಿನ ಮಕ್ಕಳೆಲ್ಲ ಕಿಟಕಿಗೆ ಬಂದರು. ಆಮೇಲೆ ಕೆಂಪು ಬಂತು, ನಾಲ್ಕು ಮಗ್ಗ ಬಂತು, ಮೇಡಂ ಕೇಳದಿದ್ದರೂ ಅಜ್ಜಿಯ ಸಮಾಚಾರವೂ ಬಂತು. ತಾಯಿ ಗೋಡೆಯ ಕಡೆಗೇ ನಕ್ಕಳು, ಗೋಡೆಯ ಕಡೆಗೇ ಅತ್ತಳು.

ಒಳಗೆ ಕರೆಸಿಕೊಂಡ ಮೇಡಂ ಕಿವಿ ಉಜ್ಜಿಕೊಳ್ಳುತ್ತಿದ್ದರು. "ಸೀಟು ಕೊಡ್ತೀನಿ. ಆದ್ರೆ ಮನೇಲಿ ಆ ತುಟಿ ಮಾತು ಇವತ್ತಿಗೇ ನಿಲ್ಲಿಸ್ಬೇಕು. ಒಪ್ಪಿಗೆ ಅಂತ ಬರೆದುಕೊಡಿ."

"ಬರೆದುಕೊಡಲ್ಲ."

"ಏನಮ್ಮಾ?"

"ಅವಳ ಅಜ್ಜಿಗೆ ಕಿವಿ ಕೇಳಲ್ಲ. ನಿಮ್ಮ ಶಾಲೆಗೋಸ್ಕರ ಅಜ್ಜಿ ಜೊತೆ ಮಾತು ಬಿಡಬೇಕಾ? ಒಂಬತ್ತರಿಂದ ಮೂರರ ತನಕ ಅವಳು ನಿಮ್ಮವಳು, ದನಿ ತೆಗೀತಾಳೆ. ಮೂರರ ಮೇಲೆ ನಮ್ಮವಳು. ಸೀಟು ಕೊಡಿ. ಇಲ್ಲಾಂದ್ರೆ ಮಾತು ಬರೋ ಮಗುಗೆ ಸೀಟಿಲ್ಲ ಅಂತ ಇನ್ನೊಂದು ಚೀಟಿ ಬರೆದುಕೊಡಿ, ಎರಡನ್ನೂ ಒಟ್ಟಿಗೆ ಇಟ್ಕೊಂಡು ಕೇಳಿದೋರಿಗೆಲ್ಲ ತೋರಿಸ್ತೀನಿ."

ಮೇಡಂ ಪೆನ್ನನ್ನು ಒಮ್ಮೆ ಮುಚ್ಚಿದರು, ಒಮ್ಮೆ ತೆಗೆದರು. ಕೊನೆಗೆ ಪುಸ್ತಕ ಎಳೆದುಕೊಂಡು ಹೆಸರು ಬರೆದರು.

ಗೇಟಿನಾಚೆ ಬೀದಿಯಲ್ಲಿ ಲಾಳಿ ಕುಣಿಯುತ್ತ ಮುಂದೆ ಹೋಗುತ್ತಿದ್ದಳು. ತಾಯಿ ಅವಳ ಭುಜ ತಟ್ಟಿ ತಿರುಗಿಸಿ, ಎಂದಿನಂತೆ ತುಟಿಯಲ್ಲಿ ಕೇಳಿದಳು, ಸೋಮವಾರದಿಂದ ಒಬ್ಬಳೇ ಕೂರಬೇಕು, ಭಯ ಆಗುತ್ತಾ?

ಲಾಳಿ ಎಲ್ಲವನ್ನೂ ಓದಿಕೊಂಡಳು, ಅದು ಅವಳ ಕಣ್ಣಿನಲ್ಲೇ ಗೊತ್ತಾಗುತ್ತಿತ್ತು. ಆಮೇಲೆ ಸೊಂಟಕ್ಕೆ ಕೈಯಿಟ್ಟು, ಥೇಟ್ ಮೇಡಂ ಹಾಗೆ ಕತ್ತು ಓರೆ ಮಾಡಿದಳು.

"ನನಗೇನೂ ಕೇಳಿಸ್ಲಿಲ್ವಲ್ಲ. ದನಿ ತೆಗೆದು ಹೇಳಮ್ಮಾ."

ತಾಯಿಯ ಎದೆ ಚುರುಕ್ಕೆಂದಿತು. ಶಾಲೆ ಇನ್ನೂ ಶುರುವಾಗಿಲ್ಲ, ಆಗಲೇ ಹೀಗೆ. ಇದಕ್ಕೇ ತಾನೇ ಇಷ್ಟು ಹೊತ್ತು ಜಗಳಾಡಿದ್ದು? ಸರಿ, ಹಾಗಾದರೆ ಹಾಗೇ ಆಗಲಿ. ಮಗಳ ಜೊತೆ ಬೀದಿಯಲ್ಲಿ ಬಾಯಿಬಿಟ್ಟು ಮಾತಾಡಿ ಅಭ್ಯಾಸವಿಲ್ಲದವಳು ಗಂಟಲು ಸರಿಮಾಡಿಕೊಂಡಳು.

"ಭಯ ಆಗುತ್ತೇನೇ?"

ದಾರಿಹೋಕರು ತಿರುಗಿ ನೋಡಿದರು. ನೋಡಲಿ.

"ಇಲ್ಲಾ!" ಎಂದಳು ಲಾಳಿ.

"ನಂಗಾಗುತ್ತೆ ಕಣೇ!" ಎಂದು ತಾಯಿ ಇಡೀ ಬೀದಿಗೆ ಕೇಳುವಂತೆ ಕೂಗಿದಳು.