ಇಪ್ಪತ್ತೊಂದು ಮಿಲಿಮೀಟರ್

"ದಪ್ಪ ಇದ್ರೆ ಒಳ್ಳೇದೇ ಅಲ್ವಾ ಡಾಕ್ಟ್ರೇ?" ಎಂದು ಕೇಳಿ ಅವನು ನಕ್ಕ. ಬೂಟಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಚರ್ಮ ಕತ್ತರಿಸಿದವನು. ದಪ್ಪಗಿದ್ದದ್ದು ಬಾಳಿಕೆ ಬರುತ್ತದೆ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಚರ್ಮವನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಇಷ್ಟು ಮಿಲಿಮೀಟರ್ ಎಂದುಬಿಟ್ಟರೆ ಅದು ತಪ್ಪಿದ್ದೇ ಇಲ್ಲ. ಅದಕ್ಕೇ ಅಲ್ಲಿ ಎಲ್ಲರೂ ಅವನನ್ನು ಅಳತೆಯಣ್ಣ ಎನ್ನುತ್ತಿದ್ದರು.

ಡಾಕ್ಟರಮ್ಮ ನಗಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಂದು ಬಂದಿದ್ದವನಿಗೆ ಸ್ಕ್ಯಾನಿಂಗ್ ಚಿತ್ರ ತೋರಿಸಿದರು. ಹೃದಯದ ಗೋಡೆ ಹನ್ನೊಂದರೊಳಗೆ ಇರಬೇಕಿತ್ತು, ಇಪ್ಪತ್ತೊಂದು ಮಿಲಿಮೀಟರ್ ಆಗಿದೆ. ಅಷ್ಟು ದಪ್ಪ ಗೋಡೆ ಸಡಿಲವಾಗುವುದಿಲ್ಲ, ಒಳಗೆ ರಕ್ತ ತುಂಬಲು ಆಗದೆ ಮೇಲಿನ ಕೋಣೆ ಹಿಗ್ಗಿಹೋಗಿದೆ ಎಂದರು. ಮೇಜಿನ ಕೆಳಗೆ ಅವನ ಬೆರಳುಗಳು ತಾವಾಗಿಯೇ ಇಪ್ಪತ್ತೊಂದಕ್ಕೆ ಅಗಲವಾದವು. ಅಷ್ಟು ದಪ್ಪದ ಚರ್ಮವನ್ನು ಅವನು ಕಂಡೇ ಇರಲಿಲ್ಲ. ಅದು ಮಡಚುವುದಾದರೂ ಹೇಗೆ?

"ಮನೇಲಿ ಯಾರಾದ್ರೂ ಇದ್ದಕ್ಕಿದ್ದ ಹಾಗೆ ತೀರಿಕೊಂಡಿದ್ರಾ?"

ಅಣ್ಣ ತೀರಿಕೊಂಡಿದ್ದ. ಮೂವತ್ತೆರಡಕ್ಕೇ, ಬೀರು ಹೊತ್ತು ಮೆಟ್ಟಿಲು ಹತ್ತುವಾಗ. ಪಾಪ, ಸುಸ್ತಾಗಿತ್ತು ಎಂದು ಎಲ್ಲರೂ ಹೇಳಿ ಸುಮ್ಮನಾಗಿದ್ದರು. ಡಾಕ್ಟರಮ್ಮ ಮಾತ್ರೆ ಬರೆಯುತ್ತಾ, ಇದು ಮಕ್ಕಳಿಗೂ ಬರಬಹುದು, ಮಗಳನ್ನು ಬೇಗ ಕರೆತನ್ನಿ, ಪರೀಕ್ಷೆ ಆಗುವವರೆಗೆ ಓಡಲು ಬಿಡಬೇಡಿ ಎಂದರು. ಹದಿನಾರರ ಹುಡುಗಿ ನಿಂತಲ್ಲಿ ನಿಲ್ಲುವವಳಲ್ಲ. ಶಾಲೆಯ ಓಟದ ತಂಡದಲ್ಲಿ ಅವಳೇ ಮುಂದು.

ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ಹೆಂಡತಿಗೆ ಗ್ಯಾಸ್ ಅಂತೆ ಎಂದ. ಮಗಳಿಗೆ ಪರೀಕ್ಷೆ ಮಾಡಿಸಿದರೆ ತಾನೇ ಕಾಯಿಲೆ ಇದೆ ಎಂದು ಗೊತ್ತಾಗುವುದು? ಮಗಳ ಓಟದ ಶೂ ಕೈಗೆತ್ತಿಕೊಂಡು, ಅಡಿ ಬಿಟ್ಟುಕೊಳ್ಳುತ್ತಿದೆ, ಸರಿಮಾಡಿ ಕೊಡುತ್ತೇನೆ ಎಂದ. ಒಂದು ದಿನ ಅಂಟು ಒಣಗಿಲ್ಲ, ಇನ್ನೊಂದು ದಿನ ದಾರ ಮುಗಿದಿದೆ. ಹೀಗೇ ಒಂಬತ್ತು ದಿನ ತಳ್ಳಿದ. ದಿನಕ್ಕೊಂದು ಸುಳ್ಳು ಹೆಣೆಯುವಷ್ಟು ಬುದ್ಧಿ ತನಗಿದೆ ಎಂದು ಅವನಿಗೇ ಗೊತ್ತಿರಲಿಲ್ಲ.

ಹತ್ತನೆಯ ದಿನ ಅವಳು ಅವನ ಮಣೆಯ ಮೇಲಿದ್ದ ಶೂ ಎತ್ತಿ ನೋಡಿದಳು. ಸವೆದ ದಾರ ಯಾವುದು, ಕತ್ತರಿಸಿದ ದಾರ ಯಾವುದು ಎಂಬುದು ಅವನ ಮಗಳಿಗೆ ಗೊತ್ತಿಲ್ಲದೆ ಇದ್ದೀತೇ?

"ಅಪ್ಪಾ, ಇದನ್ನ ನೀನೇ ಬಿಚ್ಚಿದೀಯ."

ಅವನು ಮಣೆಯ ಮೇಲಿದ್ದ ದಾರದ ಉಂಡೆಯನ್ನು ಪಕ್ಕಕ್ಕೆ ಸರಿಸಿದ.

"ಹೋಗ್ಲಿ ಬಿಡು. ಗೆಳತಿ ಶೂ ಹಾಕ್ಕೊಂಡು ದಿನಾ ಓಡ್ತಾನೇ ಇದೀನಿ. ಸ್ವಲ್ಪ ಕಚ್ಚುತ್ತೆ, ಅಷ್ಟೆ."

ಒಂಬತ್ತು ದಿನ! ಶೂ ಬಚ್ಚಿಟ್ಟು ಮಗಳನ್ನು ಕಾಪಾಡಿದೆ ಎಂದುಕೊಂಡು ಅವನು ರಾತ್ರಿ ನಿದ್ದೆ ಮಾಡಿದ್ದ. ಅವಳ ಅಂಗಾಲಿನಲ್ಲಿ ಎದ್ದ ಬೊಬ್ಬೆಗಳನ್ನು ನೋಡುತ್ತಾ ಎಲ್ಲವನ್ನೂ ಹೇಳಿದ: ಇಪ್ಪತ್ತೊಂದನ್ನು, ಅಣ್ಣನನ್ನು, ತನ್ನ ಹೇಡಿತನವನ್ನು.

ಮರುದಿನ ಅವಳು ಸ್ಕ್ಯಾನಿಂಗ್ ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿದಾಗ ಅವನು ಪರದೆಯಾಚೆ ನಿಂತಿದ್ದ. ಬಹಳ ಹೊತ್ತಾದ ಮೇಲೆ ಒಳಗಿನಿಂದ "ಒಂಬತ್ತು" ಎಂದದ್ದು ಕೇಳಿಸಿತು. ಅವನು ಇನ್ನೊಮ್ಮೆ ಹೇಳಿಸಿದ. ಸದ್ಯಕ್ಕೆ ಏನೂ ಇಲ್ಲ, ಓಡಬಹುದು ಎಂದರು ಡಾಕ್ಟರಮ್ಮ. ಆದರೆ ಇದು ಬೆಳೆಯುತ್ತಾ ಮುಂದೆಯೂ ಕಾಣಿಸಿಕೊಳ್ಳಬಹುದು, ವರ್ಷವರ್ಷವೂ ಬರಬೇಕು, ತಲೆ ಸುತ್ತಿದರೆ ತಕ್ಷಣ ನಿಲ್ಲಬೇಕು. ಅವನಿಗೆ ಜನ್ಮಕ್ಕಾಗುವಷ್ಟು ಧೈರ್ಯ ಬೇಕಿತ್ತು. ಸಿಕ್ಕಿದ್ದು ಒಂದು ವರ್ಷದ್ದು.

ಅಂದು ಸಂಜೆ ಶೂಗೆ ಎರಡೆಳೆ ದಾರ ಹಾಕಿ ಹೊಲಿದುಕೊಟ್ಟ. ಅವಳು ಲೇಸು ಬಿಗಿದು ಒಂದೇ ಉಸಿರಿಗೆ ಮೆಟ್ಟಿಲಿಳಿದಳು. ಅವನು ಗೋಡೆ ಹಿಡಿದು ಬಾಗಿಲಲ್ಲೇ ನಿಂತು ಎಣಿಸಿದ. ಮೆಟ್ಟಿಲು ಒಟ್ಟು ಹದಿನೆಂಟು. ಕೊನೆಯ ಮೂರನ್ನು ಅವಳು ಯಾವತ್ತೂ ಹಾರಿಯೇ ಇಳಿಯುವುದು, ಅದು ಅವನಿಗೆ ಗೊತ್ತು. ಹದಿನೈದಕ್ಕೆ ಸದ್ದು ನಿಂತಿತು. ಅವನು ಉಸಿರು ಬಿಗಿಹಿಡಿದ. ಕೆಳಗೆ ಎರಡೂ ಶೂಗಳು ಒಟ್ಟಿಗೆ ನೆಲಕ್ಕೆ ಬಡಿದವು.