ಹಿಂದಿನ ಎಡಗಾಜು

ಮೆಕ್ಯಾನಿಕ್ ನಯಾಜ್ ಸ್ವಿಚ್ಚು ಒತ್ತಿದ. ಕಾರಿನ ಹಿಂದಿನ ಎಡಬಾಗಿಲಿನ ಗಾಜು ಮೇಲೇರತೊಡಗಿತು. ಬೆರಳು ತೆಗೆದ. ಗಾಜು ಅರ್ಧಕ್ಕೇ ನಿಂತಿತು. ಇಳಿಸಿ ಮತ್ತೆ ಏರಿಸಿದ. ಈ ಸಲವೂ ಬೆರಳು ತೆಗೆದಲ್ಲಿಗೇ ನಿಂತಿತು.

"ಚೆನ್ನಾಗೇ ಐತಲ್ಲ ಸಾರ್. ಏನಂತ ರಿಪೇರಿ ಮಾಡ್ಲಿ?"

ಇನ್ನೊಮ್ಮೆ ನೋಡಿ ಎಂದು ಭೀಮಾಶಂಕರ ಕೇಳಿಕೊಂಡ. ಶಿವಾಜಿನಗರದ ಆ ಗಲ್ಲಿಯಲ್ಲಿ ಗ್ಯಾರೇಜು ಎಂದರೆ ನಯಾಜ್‌ನ ಅಂಗಡಿಯ ಮುಂದೆ ಒಂದು ಕಾರು ನಿಲ್ಲುವಷ್ಟು ಜಾಗ. ಹಿಂದೆ ಆಟೋಗಳು ಹಾರ್ನ್ ಹೊಡೆಯುತ್ತಿದ್ದವು. ತನ್ನ ಹಳೆಯ ಕಾರು ಕೆಟ್ಟಿರಲಿ ಎಂದು ಭೀಮಾಶಂಕರ ಬೇಡಿಕೊಂಡದ್ದು ಇದೇ ಮೊದಲು.

ಹಿಂದಿನ ಭಾನುವಾರ ಹೆಂಡತಿ ರಾಜೇಶ್ವರಿ ಮತ್ತು ಮಗಳು ಶ್ರೇಯಾಳ ಜೊತೆ ಕೆ.ಆರ್. ಪುರದಿಂದ ಜೋಗುಪಾಳ್ಯದ ಬಾಡಿಗೆ ಮನೆಗೆ ಮರಳುತ್ತಿದ್ದ. ಟಿನ್ ಫ್ಯಾಕ್ಟರಿ ಹತ್ತಿರ ಮುಂದಿನ ಲಾರಿ ಕಪ್ಪು ಹೊಗೆ ಬಿಟ್ಟಿತು. ಹಿಂದೆ ಕೂತಿದ್ದ ಮಗಳ ಕಿಟಕಿಯನ್ನು ತುಸು ಏರಿಸಲೆಂದು ಅವನು ತನ್ನ ಬಾಗಿಲಿನಲ್ಲಿದ್ದ ಸ್ವಿಚ್ಚು ಒತ್ತಿದ. ಅವಳ ಕೈ ಗಾಜಿನ ಅಂಚಿನ ಮೇಲಿತ್ತು. ಬೆರಳು ತೆಗೆದಿದ್ದೆ ಎಂದೇ ಅವನ ನೆನಪು. ಗಾಜು ಮಾತ್ರ ಏರುತ್ತಲೇ ಹೋಯಿತು. ಮಗು ಕಿರುಚಿದಾಗ ಗಾಬರಿಯಿಂದ ಸ್ವಿಚ್ಚಿನ ಇನ್ನೊಂದು ತುದಿ ಒತ್ತಿದ, ಇಳಿಯಿತು.

ಬೆರಳಿನ ಮೂಳೆ ಮುರಿದಿಲ್ಲ, ಉಗುರು ಹೋಗುತ್ತದೆ ಎಂದರು ಡಾಕ್ಟರು. ಅಂದಿನಿಂದ ರಾಜೇಶ್ವರಿ ಮಗಳನ್ನು ಆಟೋದಲ್ಲಿ ಶಾಲೆಗೆ ಕರೆದೊಯ್ಯುತ್ತಿದ್ದಳು. ಗಂಡನಿಗೆ ಅವಳು ಹೇಳಿದ್ದು ಒಂದೇ ಮಾತು: "ಹಿಂದ ತಿರುಗಿ ನೋಡ್ದ ಒತ್ತಿಕೋತ ಕುಂತ್ರಿ." ಇರಬಹುದೇ ಎಂಬ ಅನುಮಾನ ಅವನನ್ನು ಬಿಟ್ಟಿರಲಿಲ್ಲ. ಆಫೀಸಿನ ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಒತ್ತುವುದು, ತೆಗೆಯುವುದು. ಯಾವಾಗ ತೆಗೆದಿದ್ದೆ?

ನಯಾಜ್ ಬೇಸರಪಡಲಿಲ್ಲ. ತನ್ನ ಮನೆಯಲ್ಲೂ ಮೂವರು ಮಕ್ಕಳಿದ್ದಾರೆ, ಮಕ್ಕಳು ಕೂರುವ ಗಾಡಿಯನ್ನು ಹಾಗೇ ಕಳಿಸುವುದಿಲ್ಲ ಎಂದು ಮತ್ತೆ ಮತ್ತೆ ಒತ್ತುತ್ತಾ ಹೋದ. ಒಮ್ಮೆ ಒರಟಾಗಿ, ಓರೆಯಾಗಿ ಒತ್ತಿದ. ಗಾಜು ಏರಿತು. ಪೊಲೀಸರ ಮುಂದೆ ನಿಂತವನಂತೆ ಅವನು ಎರಡೂ ಕೈ ಮೇಲೆತ್ತಿದ.

"ನೋಡಿ ಸಾರ್, ನನ್ ಕೈ ಇಲ್ಲೈತೆ."

ಗಾಜು ಮೇಲಿನ ಅಂಚಿಗೆ ತಾಗಿತು. ಮುಂದೆ ಹೋಗಲಾರದೆ ಮೋಟಾರು ಗುಂಯ್‌ಗುಟ್ಟಿತು. ಭೀಮಾಶಂಕರ ಪಕ್ಕದಲ್ಲಿದ್ದ ಟೈರಿನ ಮೇಲೆ ಕೂತ.

ಸ್ಕ್ರೂ ಬಿಚ್ಚಿ ಸ್ವಿಚ್ಚು ಹೊರತೆಗೆದಾಗ ಗುಂಡಿಯ ಅಡಿಯಲ್ಲಿ ಕೆಂಪಗೆ ಏನೋ ಗಟ್ಟಿಯಾಗಿ ಹತ್ತಿಕೊಂಡಿತ್ತು. "ಏನ್ ಸಾರ್, ಗಾಡಿಗೂ ಲಿಪ್‌ಸ್ಟಿಕ್ಕಾ?" ಎಂದು ನಕ್ಕ ನಯಾಜ್ ಉಗುರಿನಿಂದ ಕೆರೆದು ಮೂಸಿದ. "ಅಂಟು. ಕುಂಕುಮ ಐತೆ, ಜೊತೆಗೆ ಏನೋ ಸಿಹಿ ನೀರು."

ಭೀಮಾಶಂಕರನಿಗೆ ಹಬ್ಬ ನೆನಪಾಯಿತು. ಆಯುಧಪೂಜೆಯ ದಿನ ರಾಜೇಶ್ವರಿ ಕಾರಿನ ಮುಂದೆ ಕಾಯಿ ಒಡೆದು, ಅದರ ನೀರಿನಲ್ಲೇ ಕುಂಕುಮ ಕಲಸಿದ್ದಳು. ಸ್ಟೀರಿಂಗಿಗೆ, ಗೇರಿಗೆ ಬೊಟ್ಟಿಟ್ಟು, ಸಾಕು ಎಂದರೂ ಕೇಳದೆ ಒಂದೊಂದು ಸ್ವಿಚ್ಚಿಗೂ ಇಟ್ಟಳು. ಹಿಂದಿನ ಎಡಗಾಜಿನದಕ್ಕೆ ಎರಡು ಸಲ. ಮಗಳು ಕೂರುವ ಜಾಗ ಅದು.

ನಯಾಜ್ ಪಕ್ಕದ ಗುಜರಿ ಅಂಗಡಿಯಿಂದ ಬೇರೆ ಸ್ವಿಚ್ಚು ತಂದು ಹಾಕಿದ. ತೆಗೆದ ಸಾಮಾನನ್ನು ಗಿರಾಕಿಯ ಕೈಗೇ ಕೊಡುವುದು ಅವನ ಪದ್ಧತಿ. "ನಿಮ್ ಮಾಲು ನಿಮಗೆ," ಎಂದು ಹಳೆಯದನ್ನು ಭೀಮಾಶಂಕರನ ಅಂಗೈಯಲ್ಲಿಟ್ಟ.

ಮನೆಯಲ್ಲಿ ರಾಜೇಶ್ವರಿ ಮಗಳ ಬೆರಳಿನ ಬ್ಯಾಂಡೇಜು ಬದಲಿಸುತ್ತಿದ್ದಳು. ಸ್ವಿಚ್ಚು ಸಿಕ್ಕಿಕೊಳ್ಳುತ್ತಿತ್ತು, ಬೇರೆ ಹಾಕಿಸಿದೆ ಎಂದು ಅವನು ಹೇಳಿದ. ಅವಳು ತಲೆ ಎತ್ತಿದಳು.

"ಯಾಕ ಸಿಕ್ಕೋತಿತ್ತಂತ?"

"ಹಳೇ ಗಾಡಿ. ಧೂಳು ಕುಂತಿತ್ತು."

"ಧೂಳ ಎಲ್ಲಿಂದ ಬರಬೇಕ್ರಿ? ಹಬ್ಬದಾಗ ಒಂದೊಂದೂ ಒರಸಿ ಪೂಜಾ ಮಾಡೀನಿ." ಹತ್ತಿಯನ್ನು ಕೆಳಗಿಟ್ಟಳು. "ತೆಗೆದ ಸಾಮಾನು ಕೈಗೇ ಕೊಡ್ತಾನ ನಯಾಜಣ್ಣ. ಎಲ್ಲಿ, ತೋರಸ್ರಿ."

ಅವಳ ಬೆರಳ ತುದಿಯಲ್ಲಿ ಮಗಳ ಗಾಯದ ಮುಲಾಮು ಇತ್ತು. ಅವನು ಅದನ್ನೇ ನೋಡಿದ.

"ಅಲ್ಲೇ ಒಗದು ಬಂದೆ."

ರಾಜೇಶ್ವರಿ ಮತ್ತೆ ಹತ್ತಿ ಎತ್ತಿಕೊಂಡಳು.

"ಹಂಗಾದ್ರ ನೀವ ಒತ್ತೀರಿ."

ಶ್ರೇಯಾ ಅಪ್ಪನ ಮುಖ ನೋಡಿದಳು. ಪ್ಯಾಂಟಿನ ಜೇಬಿನೊಳಗೆ ಅವನ ಹೆಬ್ಬೆರಳು ಹಳೆಯ ಸ್ವಿಚ್ಚಿನ ಮೇಲಿತ್ತು.

"ಇರಬಹುದು," ಎಂದ.

ರಾಜೇಶ್ವರಿ ಮಗಳತ್ತ ತಿರುಗಿ, ನಾಳೆಗೂ ಆಟೋದವನಿಗೆ ಹೇಳಿದ್ದೇನೆ ಎಂದಳು. ಅವನು ಜೇಬಿನಲ್ಲೇ ಸ್ವಿಚ್ಚು ಒತ್ತಿದ. ಬೆರಳು ತೆಗೆದ. ಗುಂಡಿ ಒತ್ತಿದ ಹಾಗೇ ಕೆಳಗೆ ಉಳಿಯಿತು.